ಬ್ಲ್ಯಾಂಕ್ ಏರಿದಾಗ, ಪ್ರವಾಹ ಕುಸಿದಾಗ: ಎ.ಎಂ.ಎಸ್. ಮಾಪನದ ದೋಷ ನಿವಾರಣೆ ಕೈಪಿಡಿ

ಇತ್ತೀಚೆಗೆ ಬೆಳೆದ ಸಸ್ಯವೊಂದರಿಂದ ತೆಗೆದ ಒಂದು ಮಿಲಿಗ್ರಾಂ ಇಂಗಾಲದಲ್ಲಿ ಸುಮಾರು ಆರು ಕೋಟಿ ಕಾರ್ಬನ್-14 ಪರಮಾಣುಗಳಿರುತ್ತವೆ. ಅವುಗಳಲ್ಲಿ ಕ್ಷಯಿಸುವುದು ಸರಾಸರಿ ಗಂಟೆಗೆ ಒಂದಕ್ಕಿಂತಲೂ ಕಡಿಮೆ. ಕ್ಷಯಕ್ಕಾಗಿ ಕಾಯುವ ಬದಲು ಪರಮಾಣುಗಳನ್ನೇ ನೇರವಾಗಿ ಎಣಿಸುವ ವಿಧಾನ 1977ರಲ್ಲಿ ಉತ್ತರ ಅಮೆರಿಕದ ಪ್ರಯೋಗಾಲಯಗಳಲ್ಲಿ ಕೈಗೂಡಿತು. ಅದೇ ವೇಗೋತ್ಕರ್ಷಕ ದ್ರವ್ಯರಾಶಿ ರೋಹಿತಮಾಪನ, ಬಳಕೆಯ ಮಾತಿನಲ್ಲಿ ಎ.ಎಂ.ಎಸ್. ಅಯಾನು ಮೂಲದಲ್ಲಿ ಮಾದರಿಯ ಮೇಲೆ ಸೀಸಿಯಂ ಅಯಾನುಗಳನ್ನು ಬಡಿಸಿ ಋಣ ಅಯಾನುಗಳನ್ನು ಹೊರಡಿಸುತ್ತಾರೆ. ಅವು ಲಕ್ಷಾಂತರ ವೋಲ್ಟ್‌ಗಳ ಟರ್ಮಿನಲ್‌ನತ್ತ ಧಾವಿಸುತ್ತವೆ. ಅಲ್ಲಿನ ಸ್ಟ್ರಿಪ್ಪರ್ ಅನಿಲವು ಎಲೆಕ್ಟ್ರಾನ್‌ಗಳನ್ನು ಕಳಚಿ, ಜೊತೆಗೆ ಬಂದ ಅಣುಗಳನ್ನು ಒಡೆಯುತ್ತದೆ. ಬಳಿಕ ಕಾಂತಗಳೂ ವಿದ್ಯುತ್ ವಿಶ್ಲೇಷಕವೂ ಸೋಸಿದ ಪರಮಾಣುಗಳನ್ನು ಡಿಟೆಕ್ಟರ್ ಒಂದೊಂದಾಗಿ ಎಣಿಸುತ್ತದೆ.

ಭಾರತದಲ್ಲಿ ಈ ಬಗೆಯ ಯಂತ್ರಗಳು ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್, ಭುವನೇಶ್ವರದ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್, ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ ಮೊದಲಾದೆಡೆ ಇವೆ. ತಮ್ಮ ಮಾದರಿಗಳನ್ನು ಇಂಥ ಕೇಂದ್ರಗಳಿಗೆ ಒಯ್ಯುವ, ಅಲ್ಲಿನ ರಸಾಯನ ಕೊಠಡಿಯಲ್ಲಿ ಕೂತು ಅವುಗಳ ಇಂಗಾಲವನ್ನು ಗ್ರಾಫೈಟ್ ಮಾಡುವ ಮತ್ತು ರಾತ್ರಿ ಪಾಳಿಯಲ್ಲಿ ಮಾಪನವನ್ನು ನೋಡಿಕೊಳ್ಳುವ ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಹೆಚ್ಚಿನ ಮಾತು ಕಾರ್ಬನ್-14ರ ಬಗ್ಗೆ. ಬೆರಿಲಿಯಂ-10 ಮತ್ತು ಕ್ಲೋರಿನ್-36ರ ವಿಶೇಷ ತೊಂದರೆಗಳಿಗೆ ಬೇರೆ ಭಾಗಗಳಿವೆ.

ಈ ಮಾಪನದ ದೊಡ್ಡ ಅಪಾಯವೆಂದರೆ, ಯಂತ್ರ ಕೆಟ್ಟಾಗಲೂ ಅದು ಸಂಖ್ಯೆಯನ್ನು ಕೊಡುತ್ತಲೇ ಇರುತ್ತದೆ. ಆ ಸಂಖ್ಯೆ ನಂಬುವಂತೆಯೇ ಇರುತ್ತದೆ. ಆದ್ದರಿಂದ ದೋಷ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ಗುಂಡಿಯನ್ನು ತಿರುಗಿಸಲಿ’ ಎಂಬುದಲ್ಲ, ‘ಈ ದೋಷ ರಸಾಯನದಲ್ಲಿ ಹುಟ್ಟಿತೋ, ಅಯಾನು ಮೂಲದಲ್ಲಿ ಹುಟ್ಟಿತೋ, ಅದರಾಚೆ ಹುಟ್ಟಿತೋ’ ಎಂಬುದು. ಅದಕ್ಕೆ ಬೇಕಾದ ಉತ್ತರ ಬಹುಪಾಲು ಸಂದರ್ಭಗಳಲ್ಲಿ ಈಗಾಗಲೇ ಅಳೆದಿರುವ ದತ್ತಾಂಶದಲ್ಲೇ ಇರುತ್ತದೆ.

ಯಂತ್ರವನ್ನು ಮುಟ್ಟುವ ಮೊದಲು

ಒಂದು ವೀಲ್‌ನಲ್ಲಿ, ಅಂದರೆ ಅಯಾನು ಮೂಲಕ್ಕೆ ಹಾಕುವ ಚಕ್ರದಲ್ಲಿ, ನಾಲ್ಕು ಬಗೆಯ ಕ್ಯಾಥೋಡ್‌ಗಳು, ಅಂದರೆ ಮಾದರಿಯನ್ನು ಒತ್ತಿ ತುಂಬಿದ ಲೋಹದ ಹಿಡಿಕೆಗಳು, ಇರಲೇಬೇಕು. ಮೊದಲನೆಯದು ಪ್ರಾಥಮಿಕ ಸ್ಟ್ಯಾಂಡರ್ಡ್, ಅಂದರೆ ಮೌಲ್ಯ ಗೊತ್ತಿದ್ದು ಉಳಿದವನ್ನು ಹೋಲಿಸುವ ಅಳತೆಗೋಲು. ಕಾರ್ಬನ್‌ಗೆ ಸಾಮಾನ್ಯವಾಗಿ ಆಕ್ಸಾಲಿಕ್ ಆಮ್ಲ-2, ಅದರ ಮೌಲ್ಯ ಆಧುನಿಕ ಇಂಗಾಲದ 1.34 ಪಟ್ಟು. ಎರಡನೆಯದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ (ಐ.ಎ.ಇ.ಎ.) ಸಿ-3 ಸೆಲ್ಯುಲೋಸ್ ಅಥವಾ ಸಿ-6 ಸುಕ್ರೋಸ್‌ನಂತಹ ಪರೀಕ್ಷಾ ಸ್ಟ್ಯಾಂಡರ್ಡ್. ಇದರ ಮೌಲ್ಯ ಗೊತ್ತಿದ್ದರೂ ಗೊತ್ತಿಲ್ಲದ ಮಾದರಿಯಂತೆಯೇ ಅಳೆದು, ಬಂದ ಉತ್ತರವನ್ನು ಒಪ್ಪಿತ ಮೌಲ್ಯದೊಡನೆ ಹೋಲಿಸಬೇಕು. ಮೂರನೆಯದು ಪ್ರಕ್ರಿಯಾ ಬ್ಲ್ಯಾಂಕ್, ಅಂದರೆ ಕಾರ್ಬನ್-14 ಪೂರ್ತಿ ಕ್ಷಯಿಸಿಹೋದ ಪ್ರಾಚೀನ ವಸ್ತುವೊಂದನ್ನು ಮಾದರಿಗಳ ಜೊತೆಗೇ ಅದೇ ಆಮ್ಲದಲ್ಲಿ ತೊಳೆದು, ಅದೇ ಕುಲುಮೆಯಲ್ಲಿ ಸುಟ್ಟು, ಅದೇ ಸಾಲಿನಲ್ಲಿ ಗ್ರಾಫೈಟ್ ಮಾಡಿದ್ದು. ನಾಲ್ಕನೆಯದು ಯಂತ್ರ ಬ್ಲ್ಯಾಂಕ್. ಇದು ರಸಾಯನ ಕೊಠಡಿಯ ಹಾದಿಯನ್ನೇ ತುಳಿಯದೆ ನೇರವಾಗಿ ಕ್ಯಾಥೋಡ್‌ಗೆ ಒತ್ತಿದ ಭೂಗರ್ಭ ಗ್ರಾಫೈಟ್. ಬ್ಲ್ಯಾಂಕ್‌ಗಳ ಜಾಗವನ್ನು ಉಳಿಸಿ ಇನ್ನೆರಡು ಮಾದರಿಗಳನ್ನು ಅಳೆದುಬಿಡೋಣ ಎಂಬ ಒತ್ತಡ ಎಲ್ಲೆಡೆಯೂ ಇರುತ್ತದೆ. ಅದಕ್ಕೆ ಮಣಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಬ್ಲ್ಯಾಂಕ್ ಇಲ್ಲದ ವೀಲ್‌ನಲ್ಲಿ ದೋಷ ಬಂದರೆ ಅದರ ಮೂಲವನ್ನು ಪತ್ತೆಮಾಡುವ ದಾರಿಯೇ ಉಳಿಯುವುದಿಲ್ಲ.

ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಬೇಡಿ. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಸಮಯಸಹಿತ ದಾಖಲೆ ಪುಸ್ತಕದಲ್ಲಿ ಬರೆಯಿರಿ.

ಸುರಕ್ಷತೆಯ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಅಯಾನು ಮೂಲದ ವೇದಿಕೆಯು ಹತ್ತಾರು ಸಾವಿರ ವೋಲ್ಟ್‌ಗಳಲ್ಲಿ ನಿಂತಿರುತ್ತದೆ. ವಿದ್ಯುತ್ ಕಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಆವೇಶ ಉಳಿದಿರಬಹುದಾದ್ದರಿಂದ ಭೂಸಂಪರ್ಕದ ದಂಡವನ್ನು ತಾಗಿಸಿ ಅಲ್ಲಿಯೇ ತೂಗುಹಾಕದೆ ಯಾರೂ ಪಂಜರದೊಳಗೆ ಕೈಯಿಡಬಾರದು, ಇಂಟರ್‌ಲಾಕ್‌ಗಳನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಸೀಸಿಯಂ ನೀರಿನೊಡನೆ ಸ್ಫೋಟಕವಾಗಿ ವರ್ತಿಸುತ್ತದೆ, ಗಾಳಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ವೇಗೋತ್ಕರ್ಷಕದ ಟ್ಯಾಂಕಿನಲ್ಲಿರುವ ನಿರೋಧಕ ಅನಿಲ ಸಲ್ಫರ್ ಹೆಕ್ಸಾಫ್ಲೋರೈಡ್ ಗಾಳಿಗಿಂತ ಐದು ಪಟ್ಟು ಭಾರವಾದ್ದರಿಂದ ಸೋರಿದರೆ ತಗ್ಗಿನಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಒಳಗೆ ಕಿಡಿ ಹಾರಿದ್ದರೆ ವಿಷಕಾರಿ ಉಪವಸ್ತುಗಳೂ ಅದರಲ್ಲಿರುತ್ತವೆ. ಅಯಾನು ಮೂಲವನ್ನು ಬಿಚ್ಚುವುದು, ಟ್ಯಾಂಕನ್ನು ತೆರೆಯುವುದು, ಉನ್ನತ ವೋಲ್ಟೇಜ್ ಭಾಗಗಳ ದುರಸ್ತಿ ಬಳಕೆದಾರರ ಕೆಲಸಗಳಲ್ಲ. ಅಲ್ಲಿಗೆ ತಲುಪಿದಾಗ ನಿಲ್ಲಿಸಿ, ಯಂತ್ರದ ಎಂಜಿನಿಯರನ್ನೂ ವಿಕಿರಣ ಸುರಕ್ಷತಾ ಅಧಿಕಾರಿಯನ್ನೂ ಕರೆಯಬೇಕು.

ಲಕ್ಷಣ: ಕಾರ್ಬನ್-12ರ ಪ್ರವಾಹ ಕಡಿಮೆಯಿದೆ

ಒಂದೆರಡು ಕ್ಯಾಥೋಡ್‌ಗಳಲ್ಲಿ ಮಾತ್ರ ಕಡಿಮೆಯೋ ಎಲ್ಲದರಲ್ಲೂ ಕಡಿಮೆಯೋ ಎಂಬುದನ್ನು ಮೊದಲು ನೋಡಬೇಕು. ಕೆಲವೇ ಕ್ಯಾಥೋಡ್‌ಗಳಾದರೆ ಯಂತ್ರದ ಮೇಲೆ ಅನುಮಾನ ಬೇಡ. ಮಾದರಿಯ ತೂಕದ ದಾಖಲೆ, ಗ್ರಾಫೈಟ್ ಮಾಡುವಾಗ ಬಳಸಿದ ಕಬ್ಬಿಣದ ಪುಡಿ ಮತ್ತು ಇಂಗಾಲದ ಅನುಪಾತ, ಒತ್ತುವಾಗ ಕೊಟ್ಟ ಬಲ ಇವನ್ನು ಪರಿಶೀಲಿಸಿ. ಸಡಿಲವಾಗಿ ಒತ್ತಿದ ಗ್ರಾಫೈಟ್ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ, ಕೆಲವೊಮ್ಮೆ ಪೂರಾ ಉದುರಿಯೇ ಹೋಗಿರುತ್ತದೆ.

ಎಲ್ಲದರಲ್ಲೂ ಕಡಿಮೆಯಿದ್ದರೆ ಸಮಯವನ್ನು ಗಮನಿಸಿ. ಮೂಲವನ್ನು ಈಗಷ್ಟೇ ಬಿಸಿ ಮಾಡಿದ್ದರೆ ಸೀಸಿಯಂ ಆವಿ ನೆಲೆಗೊಳ್ಳುವುದಕ್ಕೆ ಗಂಟೆಗಳೇ ಬೇಕು. ಪ್ರವಾಹ ನಿಧಾನವಾಗಿ ಏರುತ್ತಿದ್ದರೆ ಕಾಯುವುದೇ ಪರಿಹಾರ. ಬಳಸಿ ಹೊರತೆಗೆದ ಹಳೆಯ ಕ್ಯಾಥೋಡ್‌ಗಳನ್ನು ಭೂತಗನ್ನಡಿಯ ಕೆಳಗೆ ನೋಡುವುದು ಖರ್ಚಿಲ್ಲದ, ಆದರೆ ಬಹಳ ಜನ ಮರೆಯುವ ಪರೀಕ್ಷೆ. ಸೀಸಿಯಂ ಕೊರೆದ ಕುಳಿ ಮಧ್ಯದಲ್ಲಿದ್ದರೆ ಗುರಿ ಸರಿಯಿದೆ. ಒಂದು ಬದಿಗೆ ಸರಿದು ಅಲ್ಯೂಮಿನಿಯಂ ಗೋಡೆಯನ್ನೇ ತಿಂದಿದ್ದರೆ ವೀಲ್‌ನ ಸ್ಥಾನ ಅಥವಾ ಸೀಸಿಯಂ ಅಯಾನುಗಳನ್ನು ಹುಟ್ಟಿಸುವ ಅಯನೈಸರ್‌ನ ಜೋಡಣೆ ಸರಿದಿದೆ ಎಂದರ್ಥ.

ಪ್ರವಾಹ ತಗ್ಗಿದೊಡನೆ ಸೀಸಿಯಂ ಪಾತ್ರೆಯ ಬಿಸಿಯನ್ನು ಏರಿಸುವ ಆಮಿಷ ದೊಡ್ಡದು. ಹಾಗೆ ಮಾಡುವ ಮೊದಲು ಉನ್ನತ ವೋಲ್ಟೇಜ್ ಸರಬರಾಜಿನ ಹೊರೆಯ ಪ್ರವಾಹವನ್ನು ನೋಡಿ. ಅದು ಎಂದಿಗಿಂತ ಹೆಚ್ಚಿದ್ದರೆ ಸೀಸಿಯಂ ಈಗಾಗಲೇ ಅತಿಯಾಗಿ, ನಿರೋಧಕಗಳ ಮೇಲೆ ಪದರ ಕಟ್ಟಿ, ವಿದ್ಯುತ್ ಸೋರುತ್ತಿದೆ. ಇನ್ನೂ ಬಿಸಿ ಏರಿಸಿದರೆ ಕಿಡಿಗಳು ಶುರುವಾಗುತ್ತವೆ. ಹೊರೆ ಸಹಜವಾಗಿದ್ದು ಪ್ರವಾಹ ದಿನದಿನಕ್ಕೆ ಇಳಿಯುತ್ತಿದ್ದರೆ ಸೀಸಿಯಂ ಮುಗಿಯುತ್ತ ಬಂದಿರಬಹುದು, ಅದರ ಕೊಳವೆ ಕಟ್ಟಿರಬಹುದು ಅಥವಾ ಅಯನೈಸರ್‌ನ ಮೇಲ್ಮೈ ಮಲಿನವಾಗಿರಬಹುದು. ಮೂರಕ್ಕೂ ಮೂಲವನ್ನು ತೆರೆಯಲೇಬೇಕಾಗುತ್ತದೆ. ಆ ಹಂತದಲ್ಲಿ ಎಂಜಿನಿಯರಿಗೆ ಬಿಡಿ.

ಲಕ್ಷಣ: ಪ್ರವಾಹ ಚೆನ್ನಾಗಿದೆ, ಎಣಿಕೆ ಮಾತ್ರ ಇಲ್ಲ

ಇಲ್ಲಿ ಕಾಗದ ಪೆನ್ಸಿಲ್ ಹಿಡಿಯುವುದು ಮೊದಲ ಕೆಲಸ. 50 ಮೈಕ್ರೋಆಂಪಿಯರ್ ಋಣ ಅಯಾನು ಪ್ರವಾಹವೆಂದರೆ ಸೆಕೆಂಡಿಗೆ ಸುಮಾರು 3.1×10¹⁴ ಅಯಾನುಗಳು. ಆಧುನಿಕ ಇಂಗಾಲದಲ್ಲಿ ಕಾರ್ಬನ್-14ರ ಪಾಲು 1.2×10⁻¹² ಆದ್ದರಿಂದ ಸೆಕೆಂಡಿಗೆ 370ರಷ್ಟು ಕಾರ್ಬನ್-14 ಅಯಾನುಗಳು ಮೂಲದಿಂದ ಹೊರಡುತ್ತವೆ. ವೇಗೋತ್ಕರ್ಷಕದಲ್ಲಿ ನೂರಕ್ಕೆ ನಲವತ್ತು ದಾಟುತ್ತವೆಂದು ಹಿಡಿದರೆ ಡಿಟೆಕ್ಟರ್‌ನಲ್ಲಿ ಸುಮಾರು 150, ಆಕ್ಸಾಲಿಕ್ ಆಮ್ಲ-2ಕ್ಕೆ ಸುಮಾರು 200 ಬರಬೇಕು. ಕಾರ್ಬನ್-12 ಮತ್ತು 13ನ್ನು ಸರದಿಯಲ್ಲಿ ಹಾಯಿಸುವುದಕ್ಕೆ ಕಳೆಯುವ ಕಾಲದಷ್ಟು ಇದರಲ್ಲಿ ಕಡಿತವಾಗುತ್ತದೆ. ಈ ನಿರೀಕ್ಷೆಯ ಅರ್ಧಕ್ಕಿಂತ ಕಡಿಮೆ ಬಂದರೆ ಎಲ್ಲೋ ನಷ್ಟವಿದೆ.

ಮುಂದಿನ ಪ್ರಶ್ನೆ: ಉನ್ನತ ಶಕ್ತಿಯ ಬದಿಯಲ್ಲಿ, ಅಂದರೆ ವೇಗೋತ್ಕರ್ಷಕ ದಾಟಿದ ಮೇಲೆ, ಕಾರ್ಬನ್-12 ಮತ್ತು 13ರ ಪ್ರವಾಹಗಳೂ ಕುಸಿದಿವೆಯೇ? ಹೌದಾದರೆ ನಷ್ಟ ವೇಗೋತ್ಕರ್ಷಕದಲ್ಲಿ ಅಥವಾ ಅದರ ಮುಂಚೆ. ಸ್ಟ್ರಿಪ್ಪರ್ ಅನಿಲದ ಒತ್ತಡ, ಟರ್ಮಿನಲ್ ವೋಲ್ಟೇಜ್, ಪುಂಜವನ್ನು ತಿರುಗಿಸುವ ಸ್ಟಿಯರರ್‌ಗಳು, ನಿರ್ವಾತದ ಅಳತೆ ಈ ಕ್ರಮದಲ್ಲಿ ನೋಡಿ. ಅನಿಲದ ಸಿಲಿಂಡರ್ ಬರಿದಾಗಿರುವುದೂ ಉಂಟು. ಆ ಎರಡು ಪ್ರವಾಹಗಳು ಸರಿಯಿದ್ದು ಕಾರ್ಬನ್-14 ಮಾತ್ರ ಕಾಣೆಯಾಗಿದ್ದರೆ ಹುಡುಕಬೇಕಾದ ಜಾಗ ಬೇರೆ: ದ್ರವ್ಯರಾಶಿ 14ನ್ನು ಒಳಬಿಡುವ ವೋಲ್ಟೇಜ್, ಸರದಿ ಬದಲಿಸುವ ಕಾಲಮಾನ, ವಿದ್ಯುತ್ ವಿಶ್ಲೇಷಕದ ಮೌಲ್ಯ, ಕೊನೆಗೆ ಡಿಟೆಕ್ಟರ್. ಡಿಟೆಕ್ಟರ್‌ನ ಎಲೆಕ್ಟ್ರಾನಿಕ್ಸ್ ಬದುಕಿದೆಯೇ ಎಂಬುದನ್ನು ಪಲ್ಸರ್ ಸಂಕೇತವೊಂದು ನಿಮಿಷದಲ್ಲಿ ಹೇಳುತ್ತದೆ. ರೋಹಿತದಲ್ಲಿ ಶಿಖರ ಇದ್ದು ಅದು ಎಣಿಕೆಗೆ ಗೊತ್ತುಮಾಡಿದ ಶಕ್ತಿಯ ವ್ಯಾಪ್ತಿಯಿಂದ, ಅಂದರೆ ಕಿಟಕಿಯಿಂದ, ಹೊರಗೆ ಸರಿದಿದ್ದರೆ ಡಿಟೆಕ್ಟರ್ ಅನಿಲದ ಒತ್ತಡ ಅಥವಾ ವರ್ಧಕದ ಗಳಿಕೆ ಬದಲಾಗಿದೆ. ಕಿಟಕಿಯನ್ನು ಶಿಖರದ ಹಿಂದೆ ಓಡಿಸಬೇಡಿ. ಒತ್ತಡ ಏಕೆ ಬದಲಾಯಿತೆಂದು ಹುಡುಕಿ. ಡಿಟೆಕ್ಟರ್‌ನೊಳಗಿನ ಐಸೋಬ್ಯುಟೇನ್ ಹೊತ್ತಿಕೊಳ್ಳುವ ಅನಿಲ, ಮತ್ತು ಡಿಟೆಕ್ಟರ್‌ನ ತೆಳು ಪೊರೆ ಹರಿದರೆ ಅದು ನಿರ್ವಾತ ಕೊಳವೆಗೆ ನುಗ್ಗುತ್ತದೆ. ನಿರ್ವಾತದ ಮಾಪಕ ಜಿಗಿದರೆ ಕವಾಟವನ್ನು ಮುಚ್ಚಿ ಮಾಪನವನ್ನು ಅಲ್ಲಿಗೇ ನಿಲ್ಲಿಸಬೇಕು.

ದಾಟುವ ಪ್ರಮಾಣ ಇದ್ದಕ್ಕಿದ್ದಂತೆ ಹೆಚ್ಚಿದಂತೆ ಕಂಡರೆ ಅದೂ ದೋಷವೇ. ಪ್ರವಾಹ ಅಳೆಯುವ ಫ್ಯಾರಡೆ ಕಪ್‌ನಿಂದ ಎಲೆಕ್ಟ್ರಾನ್‌ಗಳು ಹೊರಚಿಮ್ಮದಂತೆ ತಡೆಯುವ ವೋಲ್ಟೇಜ್ ಕೈಕೊಟ್ಟಾಗ ಋಣ ಅಯಾನುಗಳ ಕಪ್ ಕಡಿಮೆಯನ್ನೂ ಧನ ಅಯಾನುಗಳ ಕಪ್ ಹೆಚ್ಚನ್ನೂ ತೋರಿಸುತ್ತವೆ, ಅನುಪಾತ ಸುಳ್ಳಾಗುತ್ತದೆ.

ಲಕ್ಷಣ: ಬ್ಲ್ಯಾಂಕ್ ಏರಿದೆ

ಈ ಕೈಪಿಡಿಯ ತಿರುಳು ಇದು. ಬ್ಲ್ಯಾಂಕ್ ಏರಿಕೆ ಎಷ್ಟು ಗಂಭೀರ ಎಂಬುದು ಮಾದರಿಯ ವಯಸ್ಸಿನ ಮೇಲೆ ನಿಂತಿದೆ. ನೂರಕ್ಕೆ ಒಂದು ಪಾಲು ಆಧುನಿಕ ಇಂಗಾಲ ಬೆರೆತರೆ 5,000 ವರ್ಷದ ಮಾದರಿ ಸುಮಾರು 70 ವರ್ಷವಷ್ಟೇ ಚಿಕ್ಕದಾಗಿ ಕಾಣುತ್ತದೆ. 30,000 ವರ್ಷದ ಮಾದರಿ ಅದೇ ಕಲಬೆರಕೆಯಿಂದ 27,250 ವರ್ಷಕ್ಕೆ ಇಳಿಯುತ್ತದೆ. ಕಾರ್ಬನ್-14 ಇಲ್ಲವೇ ಇಲ್ಲದ ಕಲ್ಲಿದ್ದಲು ಕೂಡ 37,000 ವರ್ಷದ್ದೆಂದು ತೋರುತ್ತದೆ. ಮಧ್ಯಯುಗದ ಮರವನ್ನು ಅಳೆಯುವವರು ಕಡೆಗಣಿಸಬಹುದಾದ ಏರಿಕೆ ಹಳೆಯ ಶಿಲಾಯುಗದ ಮೂಳೆಯನ್ನು ಅಳೆಯುವವರ ಕೆಲಸವನ್ನೇ ಹಾಳುಮಾಡುತ್ತದೆ.

ಮೊದಲ ತಪಾಸಣೆಗೆ ಖರ್ಚೇ ಇಲ್ಲ: ಯಂತ್ರ ಬ್ಲ್ಯಾಂಕ್ ಮತ್ತು ಪ್ರಕ್ರಿಯಾ ಬ್ಲ್ಯಾಂಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಂತ್ರ ಬ್ಲ್ಯಾಂಕ್ ಎಂದಿನಂತೆ ತಗ್ಗಿದ್ದು ಪ್ರಕ್ರಿಯಾ ಬ್ಲ್ಯಾಂಕ್ ಮಾತ್ರ ಏರಿದ್ದರೆ ಯಂತ್ರ ನಿರಪರಾಧಿ, ದೋಷ ರಸಾಯನ ಕೊಠಡಿಯದು. ಎರಡೂ ಏರಿದ್ದರೆ ಯಂತ್ರ.

ಎರಡನೆಯ ತಪಾಸಣೆ ಸರದಿಯದು. ಸ್ಟ್ಯಾಂಡರ್ಡ್‌ನ ಬೆನ್ನಿಗೇ ಅಳೆದಾಗ ಬ್ಲ್ಯಾಂಕ್ ಹೆಚ್ಚಿದ್ದು, ಮುಂದಿನ ಸುತ್ತುಗಳಲ್ಲಿ ಇಳಿಯುತ್ತ ಹೋದರೆ ಹಿಂದಿನ ಕ್ಯಾಥೋಡ್‌ನ ಇಂಗಾಲ ಅಯಾನು ಮೂಲದಲ್ಲಿ ಉಳಿದುಕೊಂಡಿದೆ, ಇಲ್ಲವೇ ಕ್ಯಾಥೋಡ್‌ನ ಮೇಲ್ಮೈಗೆ ಗಾಳಿಯ ಅಥವಾ ಕೈಯ ಇಂಗಾಲ ಅಂಟಿದೆ. ಅಳತೆಗೆ ಮುನ್ನ ಮೇಲ್ಮೈಯನ್ನು ಕೆಲವು ನಿಮಿಷ ಸೀಸಿಯಂನಿಂದ ಕೆರೆದು ಹಾಕುವುದು ಇದಕ್ಕೆ ಸಾಕಾಗುತ್ತದೆ.

ಯಂತ್ರದ ಮೇಲೆಯೇ ಅನುಮಾನ ಬಂದರೆ ಸ್ಟ್ರಿಪ್ಪರ್ ಒತ್ತಡವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಯಂತ್ರ ಬ್ಲ್ಯಾಂಕನ್ನು ಅಳೆಯಿರಿ. ನೈಟ್ರೋಜನ್-14 ಸ್ಥಿರವಾದ ಋಣ ಅಯಾನನ್ನು ಕೊಡುವುದಿಲ್ಲ; ಈ ವಿಧಾನಕ್ಕೆ ಪ್ರಕೃತಿಯೇ ಕೊಟ್ಟ ದೊಡ್ಡ ಅನುಕೂಲವಿದು. ಆದರೆ ಕಾರ್ಬನ್-13ಕ್ಕೆ ಒಂದು, ಕಾರ್ಬನ್-12ಕ್ಕೆ ಎರಡು ಹೈಡ್ರೋಜನ್ ಅಂಟಿದ ಅಣುಗಳು ಅದೇ ದ್ರವ್ಯರಾಶಿ 14ರಲ್ಲಿ ಒಳಬರುತ್ತವೆ. ಸಣ್ಣ ಯಂತ್ರಗಳಲ್ಲಿ ಒಂದೇ ಧನಾವೇಶದ ಸ್ಥಿತಿಯನ್ನು ಬಳಸುವುದರಿಂದ ಈ ಅಣುಗಳನ್ನು ಒಡೆಯುವುದಕ್ಕೆ ದಟ್ಟವಾದ ಅನಿಲ ಬೇಕು. ಒತ್ತಡ ಏರಿದಂತೆ ಬ್ಲ್ಯಾಂಕ್ ಇಳಿದು ಸಮತಟ್ಟಾದರೆ ಅಲ್ಲಿಯವರೆಗೆ ಅಣುಗಳು ಉಳಿದು ಬರುತ್ತಿದ್ದವು ಎಂದರ್ಥ. ಆ ಸಮತಟ್ಟಿನೊಳಗೆ ಕೆಲಸ ಮಾಡಿ. ಒತ್ತಡ ಏರಿಸಿದರೂ ಬ್ಲ್ಯಾಂಕ್ ಇಳಿಯದಿದ್ದರೆ, ಅಥವಾ ಮೇಲಕ್ಕೇರಿದರೆ, ನಿರ್ವಾತ ಕೆಟ್ಟು ಕಾರ್ಬನ್-12 ಮತ್ತು 13ರ ಅಯಾನುಗಳು ಉಳಿದ ಅನಿಲಕ್ಕೆ ಡಿಕ್ಕಿಯಾಗಿ ದಾರಿ ತಪ್ಪಿ ಡಿಟೆಕ್ಟರ್ ಸೇರುತ್ತಿರಬಹುದು. ಆಗ ನಿರ್ವಾತ ಪಂಪುಗಳತ್ತಲೂ ಸೀಳುಗಂಡಿಗಳತ್ತಲೂ ನೋಡಬೇಕು.

ರಸಾಯನದ ದೋಷವಾದರೆ ಒಂದು ಸರಳ ನಕ್ಷೆ ಬಹಳಷ್ಟನ್ನು ಹೇಳುತ್ತದೆ. ಬೇರೆಬೇರೆ ತೂಕದ ಬ್ಲ್ಯಾಂಕ್‌ಗಳನ್ನು ಮಾಡಿ, ಅವುಗಳ ಮೌಲ್ಯವನ್ನು ತೂಕದ ವಿಲೋಮದ ಎದುರು ಬರೆಯಿರಿ. ತೂಕ ತಗ್ಗಿದಂತೆ ಮೌಲ್ಯ ನೇರ ಗೆರೆಯಲ್ಲಿ ಏರಿದರೆ ಪ್ರತಿ ಬಾರಿಯೂ ಒಂದು ನಿಶ್ಚಿತ ಪ್ರಮಾಣದ ಇಂಗಾಲ ಸೇರುತ್ತಿದೆ: ಕಬ್ಬಿಣದ ಪುಡಿ, ದಹನ ಕೊಳವೆ, ತವರದ ಪೊಟ್ಟಣ, ಗಾಜಿನ ಸಾಲಿನ ಗೋಡೆ. ಒಂದು ಮೈಕ್ರೋಗ್ರಾಂ ಆಧುನಿಕ ಇಂಗಾಲ ಒಂದು ಮಿಲಿಗ್ರಾಂ ಬ್ಲ್ಯಾಂಕನ್ನು 55,000 ವರ್ಷಗಳ ಆಸುಪಾಸಿಗೆ ತಂದು ನಿಲ್ಲಿಸಿದರೆ, ಅದೇ ಒಂದು ಮೈಕ್ರೋಗ್ರಾಂ 50 ಮೈಕ್ರೋಗ್ರಾಂ ಬ್ಲ್ಯಾಂಕನ್ನು 31,000ಕ್ಕೆ ಎಳೆಯುತ್ತದೆ. ತೂಕ ಎಷ್ಟಿದ್ದರೂ ಮೌಲ್ಯ ಒಂದೇ ಆಗಿದ್ದರೆ ಕಲಬೆರಕೆ ಪ್ರಮಾಣಾನುಸಾರಿಯಾದದ್ದು. ಬ್ಲ್ಯಾಂಕ್ ವಸ್ತುವೇ ಮಲಿನವಾಗಿರುವ ಸಾಧ್ಯತೆ ಹೆಚ್ಚು. ಇದೇ ಪರೀಕ್ಷೆಯನ್ನು ಸಣ್ಣ ಸ್ಟ್ಯಾಂಡರ್ಡ್‌ಗಳ ಮೇಲೂ ಮಾಡಿದರೆ ಕಾರ್ಬನ್-14 ಇಲ್ಲದ ಇಂಗಾಲ ಎಷ್ಟು ಸೇರುತ್ತಿದೆ ಎಂಬುದೂ ಗೊತ್ತಾಗುತ್ತದೆ. ಎಣ್ಣೆ, ಗ್ರೀಸ್, ಪ್ಲಾಸ್ಟಿಕ್‌ಗಳಿಂದ ಬರುವ ಈ ಕೊಳೆಯನ್ನು ಬ್ಲ್ಯಾಂಕ್ ಎಂದೂ ತೋರಿಸಿಕೊಡುವುದಿಲ್ಲ.

ಆಮ್ಲ, ಕ್ಷಾರ, ಮತ್ತೆ ಆಮ್ಲ ಎಂಬ ತೊಳೆಯುವ ಕ್ರಮದಲ್ಲಿ ಕೊನೆಯ ಆಮ್ಲವನ್ನು ಅವಸರದಲ್ಲಿ ಮುಗಿಸಿದರೂ ಬ್ಲ್ಯಾಂಕ್ ಏರುತ್ತದೆ, ಏಕೆಂದರೆ ಕ್ಷಾರವು ಗಾಳಿಯ ಕಾರ್ಬನ್ ಡೈ ಆಕ್ಸೈಡನ್ನು ಹೀರಿಕೊಂಡಿರುತ್ತದೆ.

ಬ್ಲ್ಯಾಂಕ್ ಸ್ವಲ್ಪ ಏರುವ ಬದಲು ಆಧುನಿಕ ಮೌಲ್ಯವನ್ನೂ ಮೀರಿ ಹತ್ತು, ನೂರು ಪಟ್ಟು ಜಿಗಿದರೆ ಆ ಕ್ಷಣವೇ ನಿಲ್ಲಿಸಬೇಕು. ಕಾರ್ಬನ್-14 ಲೇಬಲ್ ಹಾಕಿದ ರಾಸಾಯನಿಕಗಳನ್ನು ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ಅಂಥ ಕಟ್ಟಡದಲ್ಲಿ ಒಣಗಿಸಿದ, ಅಂಥ ಫ್ರಿಜ್‌ನಲ್ಲಿಟ್ಟ ಮಾದರಿಯೊಂದು ಇಡೀ ಗ್ರಾಫೈಟ್ ಸಾಲನ್ನೂ ಅಯಾನು ಮೂಲವನ್ನೂ ಕೆಡಿಸಬಲ್ಲದು. ವೀಲನ್ನು ಹೊರತೆಗೆದು, ಮಾದರಿ ಎಲ್ಲೆಲ್ಲಿ ಹಾದು ಬಂತೋ ಅಲ್ಲೆಲ್ಲ ಒರೆಸಿ ತೆಗೆದ ಪಟ್ಟಿಗಳನ್ನು ಪರೀಕ್ಷಿಸಬೇಕು. ಹಾಗೆ ಒರೆಸಿದ ಪಟ್ಟಿಗಳನ್ನು ಎ.ಎಂ.ಎಸ್. ಸಾಲಿಗೆ ತರಬಾರದು, ಕ್ಷಯವನ್ನು ಬೆಳಕಿನ ಮಿಂಚಾಗಿ ಎಣಿಸುವ ದ್ರವ ಸಿಂಟಿಲೇಶನ್ ಎಣಿಕೆಯಲ್ಲಿಯೇ ಮೊದಲು ನೋಡಬೇಕು.

ಲಕ್ಷಣ: ಗ್ರಾಫೈಟ್ ಸಾಲಿನಲ್ಲಿ ಒತ್ತಡ ಇಳಿಯುತ್ತಿಲ್ಲ

ಕಾರ್ಬನ್ ಡೈ ಆಕ್ಸೈಡಿಗೆ ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಹೈಡ್ರೋಜನ್ ಸೇರಿಸಿ, ಕಬ್ಬಿಣದ ಪುಡಿಯ ಮೇಲೆ 550ರಿಂದ 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಹುಟ್ಟಿದ ನೀರನ್ನು ಹಿಡಿದಿಟ್ಟರೆ ಒತ್ತಡ ಸತತವಾಗಿ ಇಳಿಯಬೇಕು. ಶುರುವಿನಿಂದಲೇ ಇಳಿಯದಿದ್ದರೆ ಕಬ್ಬಿಣ ಸತ್ತಿದೆ ಅಥವಾ ಕುಲುಮೆಯ ಉಷ್ಣಮಾಪಕ ಸುಳ್ಳು ಹೇಳುತ್ತಿದೆ. ಅರ್ಧಕ್ಕೆ ನಿಂತರೆ ನೀರಿನ ಬಲೆ ತುಂಬಿದೆ, ಇಲ್ಲವೇ ಹೈಡ್ರೋಜನ್ ಸಾಲದು. ಕೂದಲು, ಉಣ್ಣೆ, ಮೂಳೆಯ ಕೊಲಾಜನ್‌ಗಳಲ್ಲಿ ಮಾತ್ರ ತೊಂದರೆ ಕಂಡರೆ ಗಂಧಕ ಕಬ್ಬಿಣಕ್ಕೆ ವಿಷವಾಗಿದೆ. ದಹನದ ಕೊಳವೆಗೆ ಬೆಳ್ಳಿಯ ತಂತಿಯನ್ನು ಸೇರಿಸಿದರೆ ಗಂಧಕವೂ ಹ್ಯಾಲೊಜನ್‌ಗಳೂ ಅಲ್ಲಿಯೇ ಹಿಡಿದುಕೊಳ್ಳುತ್ತವೆ. ಅರ್ಧಂಬರ್ಧ ಗ್ರಾಫೈಟನ್ನು ‘ಇಷ್ಟಾದರೂ ಸಿಕ್ಕಿತಲ್ಲ’ ಎಂದು ಅಳೆಯಬೇಡಿ. ಅಪೂರ್ಣ ಕ್ರಿಯೆಯಲ್ಲಿ ಹಗುರ ಇಂಗಾಲ ಮೊದಲು ಗ್ರಾಫೈಟಾಗಿ ಅನುಪಾತ ವಾಲುತ್ತದೆ.

ನೀರನ್ನು ಹೀರಲು ಬಳಸುವ ಮೆಗ್ನೀಸಿಯಂ ಪರ್ಕ್ಲೋರೇಟ್ ತೀವ್ರ ಆಕ್ಸಿಡೀಕಾರಕ. ಅದನ್ನು ಸಾವಯವ ದ್ರಾವಕಗಳಿಗಾಗಲಿ ಒರೆಸುವ ಕಾಗದಕ್ಕಾಗಲಿ ತಾಗಿಸಬಾರದು. ಹೈಡ್ರೋಜನ್ ಸೋರಿಕೆಯ ಅನುಮಾನ ಬಂದರೆ ಕುಲುಮೆಗಳನ್ನು ಆರಿಸಿ ಕೊಠಡಿಗೆ ಗಾಳಿ ಆಡಿಸಿದ ಮೇಲೆಯೇ ಹುಡುಕಾಟ.

ಲಕ್ಷಣ: ಸ್ಟ್ಯಾಂಡರ್ಡ್‌ಗಳು ಒಂದರೊಡನೊಂದು ಒಪ್ಪುವುದಿಲ್ಲ

ಮೊದಲು ಎಣಿಕೆಯ ಸಹಜ ಚೆದುರುವಿಕೆಯನ್ನು ಕಳೆದು ನೋಡಿ. 10,000 ಎಣಿಕೆಗೆ ಅನಿಶ್ಚಿತತೆ ನೂರಕ್ಕೆ ಒಂದು, ಅಂದರೆ 80 ವರ್ಷ. 40,000 ಎಣಿಕೆಗೆ 40 ವರ್ಷ. ಚೆದುರುವಿಕೆ ಇದರೊಳಗಿದ್ದರೆ ದೋಷವೇ ಇಲ್ಲ. ಮೀರಿದ್ದರೆ ಸಮಯದ ಎದುರು ನಕ್ಷೆ ಬರೆಯಿರಿ. ಎಲ್ಲ ಸ್ಟ್ಯಾಂಡರ್ಡ್‌ಗಳೂ ಒಟ್ಟಿಗೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಯಂತ್ರದ ಯಾವುದೋ ಮೌಲ್ಯ ಜಾರುತ್ತಿದೆ, ಕೊಠಡಿಯ ಉಷ್ಣತೆಯಿಂದಲೇ ಶುರುಮಾಡಿ. ಒಂದೇ ಕ್ಯಾಥೋಡ್ ಬೇರೆ ನಿಂತಿದ್ದರೆ ಅದರ ಪ್ರವಾಹವನ್ನೂ ಕುಳಿಯ ಆಳವನ್ನೂ ನೋಡಿ. ಕುಳಿ ಆಳವಾದಂತೆ ಅಯಾನುಗಳು ಹೊರಬರುವ ರೀತಿ ಬದಲಾಗುತ್ತದೆ.

ಯಂತ್ರವೇ ಅಳೆದ ಕಾರ್ಬನ್-13ರ ಡೆಲ್ಟಾ ಮೌಲ್ಯ (ಕಾರ್ಬನ್-13 ಮತ್ತು 12ರ ಅನುಪಾತ ಸ್ಟ್ಯಾಂಡರ್ಡ್‌ನಿಂದ ಸಾವಿರಕ್ಕೆ ಎಷ್ಟು ಸರಿದಿದೆ ಎಂಬ ಅಳತೆ) ಇಲ್ಲಿ ಒಳ್ಳೆಯ ಸಾಕ್ಷಿ. ಅದು ಸಾವಿರಕ್ಕೆ ಒಂದರಷ್ಟು ವಾಲಿದರೆ ಕಾರ್ಬನ್-14ರ ಅನುಪಾತ ಎರಡರಷ್ಟು ವಾಲುತ್ತದೆ. ತಿದ್ದುಪಡಿ ಮಾಡದಿದ್ದರೆ ವಯಸ್ಸಿನಲ್ಲಿ ಸುಮಾರು 16 ವರ್ಷದ ವ್ಯತ್ಯಾಸ. ಈ ತಿದ್ದುಪಡಿಗೆ ಯಂತ್ರದ ಡೆಲ್ಟಾ ಮೌಲ್ಯವನ್ನೇ ಬಳಸಬೇಕು, ಏಕೆಂದರೆ ಗ್ರಾಫೈಟ್ ಮಾಡುವಾಗ, ಅಯಾನು ಹೊರಡುವಾಗ ಆದ ವಾಲುವಿಕೆಯೆಲ್ಲ ಅದರಲ್ಲಿ ಸೇರಿದೆ. ಪ್ರಾಚೀನ ಆಹಾರಕ್ರಮದ ಅಧ್ಯಯನಕ್ಕೆ ಅದೇ ಸಂಖ್ಯೆಯನ್ನು ಕೊಡಬಾರದು. ಅದಕ್ಕೆ ಪ್ರತ್ಯೇಕ ಐಸೊಟೋಪ್ ಅನುಪಾತ ಮಾಪನ ಬೇಕು.

ಲಕ್ಷಣ: ಬೆರಿಲಿಯಂ-10ರ ರೋಹಿತದಲ್ಲಿ ಬೋರಾನ್ ಗುಡ್ಡ

ಬಂಡೆಯ ಸ್ಫಟಿಕಶಿಲೆಯಲ್ಲಿ ಕಾಸ್ಮಿಕ್ ಕಿರಣಗಳು ಹುಟ್ಟಿಸಿದ ಬೆರಿಲಿಯಂ-10ನ್ನು ಅಳೆದು ಸವಕಳಿಯ ವೇಗವನ್ನು ತಿಳಿಯುವ ಕ್ರಮಕ್ಕೆ ಅಡಿಪಾಯ ಹಾಕಿದವರಲ್ಲಿ ನಮ್ಮ ಭೂಭೌತವಿಜ್ಞಾನಿ ದೇವೇಂದ್ರ ಲಾಲ್ ಪ್ರಮುಖರು. ಇದರ ಅರ್ಧಾಯು ಸುಮಾರು 13.9 ಲಕ್ಷ ವರ್ಷ. ಇಲ್ಲಿ ನೈಟ್ರೋಜನ್‌ನಂತಹ ಅನುಕೂಲವಿಲ್ಲ: ಅದೇ ತೂಕದ ಬೋರಾನ್-10 ಕೂಡ ಆಕ್ಸೈಡ್ ರೂಪದಲ್ಲಿ ಋಣ ಅಯಾನಾಗಿ ಬಂದುಬಿಡುತ್ತದೆ. ಡಿಟೆಕ್ಟರ್‌ನ ಮುಂದಿನ ಪೊರೆಯಲ್ಲಿ ಎರಡೂ ಬೇರೆಬೇರೆ ಪ್ರಮಾಣದಲ್ಲಿ ಶಕ್ತಿ ಕಳೆದುಕೊಳ್ಳುವುದರಿಂದಷ್ಟೇ ಅವನ್ನು ಬೇರ್ಪಡಿಸಬಹುದು. ಬೋರಾನ್ ಅತಿಯಾದರೆ ಗುಡ್ಡದ ಬಾಲ ಬೆರಿಲಿಯಂ ಕಿಟಕಿಯೊಳಗೆ ಚಾಚುತ್ತದೆ, ಡಿಟೆಕ್ಟರ್ ಉಸಿರುಗಟ್ಟಿ ಎಣಿಕೆಗಳನ್ನು ಕಳೆದುಕೊಳ್ಳುತ್ತದೆ.

ಎಲ್ಲ ಕ್ಯಾಥೋಡ್‌ಗಳಲ್ಲೂ ಬೋರಾನ್ ಹೆಚ್ಚಿದ್ದರೆ ಬೆರಿಲಿಯಂ ಆಕ್ಸೈಡ್ ಪುಡಿಯೊಡನೆ ಬೆರೆಸುವ ನಿಯೋಬಿಯಂ ಅಥವಾ ಕೊಠಡಿಯ ಗಾಳಿಯನ್ನು ಸಂಶಯಿಸಿ. ಸ್ವಚ್ಛ ಕೊಠಡಿಗಳ ಗಾಜಿನ ನಾರಿನ ಶೋಧಕಗಳೇ ಬೋರಾನ್ ಉದುರಿಸುವುದುಂಟು. ಒಂದು ತಂಡದ ಮಾದರಿಗಳಲ್ಲಿ ಮಾತ್ರ ಹೆಚ್ಚಿದ್ದರೆ ಬೋರೋಸಿಲಿಕೇಟ್ ಗಾಜಿನ ಪಾತ್ರೆ ಎಲ್ಲೋ ನುಸುಳಿದೆ. ಪ್ಲಾಸ್ಟಿಕ್ ಮತ್ತು ಸ್ಫಟಿಕಶಿಲೆಯ ಪಾತ್ರೆಗಳಿಗೆ ಬದಲಾಯಿಸಿ, ಹೈಡ್ರಾಕ್ಸೈಡ್ ಒತ್ತರವನ್ನು ಇನ್ನೆರಡು ಬಾರಿ ಶುದ್ಧ ನೀರಿನಲ್ಲಿ ತೊಳೆಯಿರಿ.

ಬ್ಲ್ಯಾಂಕ್ ಅನುಪಾತವು 10⁻¹⁴ರ ಸುತ್ತ ನಿಂತು ಕೆಳಗಿಳಿಯದಿದ್ದರೆ ದೋಷ ನಾವೇ ಸೇರಿಸುವ ಬೆರಿಲಿಯಂ-9ರ ದ್ರಾವಣದಲ್ಲಿರುವ ಸಾಧ್ಯತೆ ಹೆಚ್ಚು. ಮಾರುಕಟ್ಟೆಯ ದ್ರಾವಣಗಳಲ್ಲಿ ಅಷ್ಟು ಬೆರಿಲಿಯಂ-10 ಇರುತ್ತದೆ. ಆಳದ ಗಣಿಯಿಂದ ತೆಗೆದ ಬೆರಿಲ್ ಅಥವಾ ಫೆನಕೈಟ್ ಖನಿಜದಿಂದ ಮಾಡಿದ ದ್ರಾವಣದಲ್ಲಿ ಬಹಳ ಕಡಿಮೆ. ಇಂಥ ಕೆಳಮಟ್ಟದಲ್ಲಿ ಎಣಿಕೆ ಎಷ್ಟು ವಿರಳ ಎಂಬುದನ್ನೂ ಮರೆಯಬಾರದು: ಒಂದು ಮೈಕ್ರೋಆಂಪಿಯರ್ ಪ್ರವಾಹ, 10⁻¹⁵ ಅನುಪಾತವೆಂದರೆ ಮೂಲದಿಂದ ಗಂಟೆಗೆ ಇಪ್ಪತ್ತೆರಡು ಪರಮಾಣು, ಡಿಟೆಕ್ಟರ್ ಮುಟ್ಟುವುದು ಅದರ ಒಂದು ಪಾಲು. ಎರಡು ಎಣಿಕೆ ಮೂರಾದದ್ದನ್ನು ಏರಿಕೆ ಎನ್ನಲಾಗದು.

ಎಚ್ಚರಿಕೆ: ಬೆರಿಲಿಯಂ ಆಕ್ಸೈಡ್ ಪುಡಿಯನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು, ಕ್ಯಾಥೋಡ್ ತುಂಬುವುದೆಲ್ಲ ಮುಚ್ಚಿದ ಹುಡ್‌ನೊಳಗೆ ನಡೆಯಬೇಕು. ಸ್ಫಟಿಕಶಿಲೆಯನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ಜೀವಕ್ಕೇ ಎರವಾಗುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇರಬೇಕು, ಒಂಟಿಯಾಗಿ ಈ ಕೆಲಸ ಮಾಡಬಾರದು, ಒಂದು ಹನಿ ತಾಗಿದರೂ ನೋವಿಗೆ ಕಾಯದೆ ತೊಳೆದು ಜೆಲ್ ಹಚ್ಚಿ ಆಸ್ಪತ್ರೆಗೆ ಹೋಗಬೇಕು.

ಲಕ್ಷಣ: ಕ್ಲೋರಿನ್, ಅಯೋಡಿನ್ ಅಳೆದ ಮೇಲೂ ಮೂಲ ಅವನ್ನು ಮರೆಯುವುದಿಲ್ಲ

ಕ್ಲೋರಿನ್-36 ಮತ್ತು ಅಯೋಡಿನ್-129ರಲ್ಲಿ ಹಿಂದಿನ ಮಾದರಿಯ ಆವಿ ಅಯಾನು ಮೂಲದ ಗೋಡೆಗಳಲ್ಲಿ ಉಳಿದು ಮುಂದಿನ ಮಾದರಿಗೆ ಬೆರೆಯುತ್ತದೆ. ಪರಿಹಾರ ಕ್ರಮದಲ್ಲಿದೆ: ಕಡಿಮೆ ಅನುಪಾತದ ಮಾದರಿಗಳನ್ನು ಮೊದಲು, ಹೆಚ್ಚಿನದನ್ನು ಕೊನೆಗೆ, ನಡುನಡುವೆ ಬ್ಲ್ಯಾಂಕ್. ಕ್ಲೋರಿನ್‌ನಲ್ಲಿ ಗಂಧಕ-36 ಎಂಬ ಸಮಭಾರಿ (ಅದೇ ದ್ರವ್ಯರಾಶಿಯ ಬೇರೆ ಧಾತು) ಬೇರೆ. ಅದರ ಎಣಿಕೆ ಹೆಚ್ಚಿದ್ದರೆ ಬೇರಿಯಂ ಸಲ್ಫೇಟಾಗಿ ಗಂಧಕವನ್ನು ಒತ್ತರಿಸುವ ಹಂತವನ್ನು ಮತ್ತೆ ಮಾಡಬೇಕು. ಚಿಕ್ಕ ಯಂತ್ರಗಳಲ್ಲಿ ಗಂಧಕವನ್ನು ಡಿಟೆಕ್ಟರ್‌ನಲ್ಲಿ ಬೇರ್ಪಡಿಸುವಷ್ಟು ಶಕ್ತಿಯಿರುವುದಿಲ್ಲವಾದ್ದರಿಂದ, ಆ ಮಾದರಿಗಳನ್ನು ಹಲವು ಮಿಲಿಯನ್ ವೋಲ್ಟ್‌ಗಳ ಯಂತ್ರವಿರುವ ಕೇಂದ್ರಕ್ಕೆ ಕಳಿಸುವುದೇ ಸರಿ.

ಲಕ್ಷಣ: ಟರ್ಮಿನಲ್ ವೋಲ್ಟೇಜ್ ನಡುಗುತ್ತದೆ, ಕಿಡಿ ಹಾರುತ್ತದೆ

ಆಗೊಮ್ಮೆ ಈಗೊಮ್ಮೆ ಹಾರುವ ಕಿಡಿಯನ್ನು ದಾಖಲಿಸಿ, ಆ ಕ್ಷಣದ ದತ್ತಾಂಶವನ್ನು ಕೈಬಿಟ್ಟು ಮುಂದುವರಿಯಬಹುದು. ಪದೇ ಪದೇ ಹಾರಿದರೆ ಟ್ಯಾಂಕಿನ ಅನಿಲದ ಒತ್ತಡ, ತೇವಾಂಶ ಮತ್ತು ಆವೇಶ ಸರಪಳಿಯ ಪ್ರವಾಹ ಇವನ್ನು ಓದಿ ಬರೆದಿಟ್ಟು ಎಂಜಿನಿಯರಿಗೆ ಒಪ್ಪಿಸಿ. ವೋಲ್ಟೇಜನ್ನು ಮತ್ತೆ ಏರಿಸುವಾಗ ಎಕ್ಸ್ ಕಿರಣಗಳು ಹೆಚ್ಚುತ್ತವೆ, ಆ ಹೊತ್ತಿನಲ್ಲಿ ಯಂತ್ರದ ಬಳಿ ಯಾರೂ ಇರಬಾರದು.

ಲಕ್ಷಣ: ಎಲ್ಲವೂ ಸರಿಯಿದೆ, ವಯಸ್ಸು ಮಾತ್ರ ನಂಬಲಾಗದು

ಸ್ಟ್ಯಾಂಡರ್ಡ್, ಬ್ಲ್ಯಾಂಕ್, ಡೆಲ್ಟಾ ಮೌಲ್ಯ ಮೂರೂ ಒಪ್ಪಿದ ಮೇಲೆ ಯಂತ್ರವನ್ನು ದೂರಬಾರದು. ಮೊದಲು ಲೆಕ್ಕವನ್ನು ನೋಡಿ. ರೂಢಿಯ ಕಾರ್ಬನ್ ವಯಸ್ಸನ್ನು ಇಂದಿಗೂ ಈ ಕಾಲಮಾಪನದ ಜನಕ ವಿಲ್ಲರ್ಡ್ ಲಿಬ್ಬಿಯವರ 5,568 ವರ್ಷದ ಅರ್ಧಾಯುವಿನಿಂದಲೇ ಲೆಕ್ಕಹಾಕುತ್ತಾರೆ; 5,730ಕ್ಕೆ ತಿದ್ದುವ ಕೆಲಸವನ್ನು ಕಾರ್ಬನ್ ವಯಸ್ಸನ್ನು ಕ್ಯಾಲೆಂಡರ್ ವರ್ಷಕ್ಕೆ ಬದಲಿಸುವ ಮಾಪನಾಂಕನ ವಕ್ರರೇಖೆಯೇ ಒಳಗೊಂಡಿದೆ. ಯಾರಾದರೂ ಮೊದಲೇ ನೂರಕ್ಕೆ ಮೂರರಷ್ಟು ಹೆಚ್ಚಿಸಿ ಬಳಿಕ ವಕ್ರರೇಖೆಗೂ ಹಾಕಿದ್ದರೆ ತಿದ್ದುಪಡಿ ಎರಡು ಬಾರಿ ಆಗಿರುತ್ತದೆ.

ಆಮೇಲೆ ಮಾದರಿ ಯಾವುದರದು ಎಂದು ಕೇಳಿ. ಸಮುದ್ರದ ಚಿಪ್ಪು ಸಾಮಾನ್ಯವಾಗಿ ಸುಮಾರು 400 ವರ್ಷ ಹಳೆಯದಾಗಿ ತೋರುತ್ತದೆ. ಸುಣ್ಣಕಲ್ಲಿನ ನೀರಿನಲ್ಲಿ ಬೆಳೆದ ಬಸವನಹುಳುವಿನ ಚಿಪ್ಪು ಇನ್ನೂ ಹೆಚ್ಚು ಹಳೆಯದಾಗಿ ತೋರಬಹುದು. ಮೂಳೆಯ ಕೊಲಾಜನ್‌ನಲ್ಲಿ ಇಂಗಾಲ ಮತ್ತು ಸಾರಜನಕದ ಪರಮಾಣು ಅನುಪಾತ 2.9ರಿಂದ 3.6ರ ಹೊರಗಿದ್ದರೆ ಅಳೆದದ್ದು ಕೊಲಾಜನ್ ಅಲ್ಲ. ಇದ್ದಿಲು ದೊಡ್ಡ ಮರದ ತಿರುಳಿನದಾದರೆ ಅದು ಬೆಂಕಿಯ ಕಾಲವನ್ನು ಹೇಳದೆ, ಆ ಉಂಗುರ ಬೆಳೆದ ಕಾಲವನ್ನು ಹೇಳುತ್ತದೆ. ಬಳ್ಳಾರಿ ಸೀಮೆಯ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟ ಹುರುಳಿ, ಹೆಸರು ಕಾಳುಗಳು ಸಿಕ್ಕಿರುವುದು ಈ ದೃಷ್ಟಿಯಿಂದ ದೊಡ್ಡ ಭಾಗ್ಯ: ಕಾಳು ಒಂದೇ ಹಂಗಾಮಿನದು. ಅನುಮಾನ ಬಂದ ಪದರದಿಂದ ಇದ್ದಿಲನ್ನೇ ಮತ್ತೊಮ್ಮೆ ಅಳೆಯುವ ಬದಲು ಕಾಳೊಂದನ್ನು ಕಳಿಸಿ, ಅಗೆತದ ದಾಖಲೆಯಲ್ಲಿ ಅದರ ಸ್ಥಾನವನ್ನೂ ಶೇಖರಿಸಿದ ರೀತಿಯನ್ನೂ ಅಂಟು ಅಥವಾ ರಕ್ಷಕ ದ್ರವ್ಯ ಹಚ್ಚಿದ್ದರೆ ಅದರ ಹೆಸರನ್ನೂ ಜೊತೆಗೆ ಬರೆದುಕೊಡಿ.